ನೇತ್ರಾವತಿಗೆ ಬಿಟ್ಟ ಎಲುಬು

ನನ್ನ ಬಾಯಿ ಸುಮ್ಮನಿದ್ದಿದ್ದರೆ ಆ ಎಲುಬು ಇವತ್ತಿಗೂ ನನ್ನ ಮೇಜಿನ ಮೇಲೆ ಇರುತ್ತಿತ್ತು.

ಗೋದಾವರಿ ಕಣಿವೆಯಲ್ಲಿ ಟ್ರಯಾಸಿಕ್ ಕಾಲದ ಕೆಂಪು ಕಲ್ಲಿನ ಪದರವೊಂದಿದೆ. ಅಲ್ಲಿ ಇಪ್ಪತ್ತು ದಿನ ಬಿಸಿಲಲ್ಲಿ ಮಂಡಿಯೂರಿ ಹುಡುಕಿದ ಮೇಲೆ ನನಗೆ ಸಿಕ್ಕಿದ್ದು ಲಿಂಬೆಹಣ್ಣಿನಷ್ಟು ದೊಡ್ಡ ಒಂದೇ ಒಂದು ಎಲುಬು, ಪುಟ್ಟ ಡೈನೋಸಾರಿನ ಬೆನ್ನಿನದು. ನನ್ನ ಪಿಎಚ್‌ಡಿ ನಿಂತದ್ದೇ ಅದರ ಮೇಲೆ. ಅಂಟಿದ ಕಲ್ಲನ್ನು ಸೂಜಿಯಿಂದ ಕೆರೆದು ತೆಗೆಯಬೇಕಿತ್ತು. ಗೈಡ್ ನನ್ನನ್ನು ನಂಬಿ ಮನೆಗೆ ಕೊಟ್ಟು ಕಳಿಸಿದ್ದರು. ಮಂಗಳೂರಿನ ಶಕ್ತಿನಗರದ ಮನೆಯಲ್ಲಿ ಇರುವುದು ಅಮ್ಮ ಮತ್ತು ನಾನು. ಎರಡು ತಿಂಗಳು ಅಮ್ಮ ಅದನ್ನು ಕಲ್ಲೆಂದೇ ತಿಳಿದು, ಮೇಜು ಒರೆಸುವಾಗ ಎತ್ತಿ ಇಡುತ್ತಿದ್ದಳು.

ಒಂದು ಸಂಜೆ ಜಂಬ ಕೊಚ್ಚಿಕೊಂಡೆ. "ಇದು ಕಲ್ಲಲ್ಲ ಅಮ್ಮ, ಎಲುಬು. ಇಪ್ಪತ್ತು ಕೋಟಿ ವರ್ಷಕ್ಕಿಂತ ಹಳೆಯದು."

ಅಮ್ಮನ ಮುಖ ಬಿಳುಚಿಕೊಂಡಿತು. "ಅಷ್ಟು ವರ್ಷ ಯಾರೂ ಇದನ್ನು ನೀರಿಗೆ ಬಿಡ್ಲೇ ಇಲ್ವಾ?"

ನಾನು ನಕ್ಕೆ. ನಗಬಾರದಿತ್ತು. ಅಪ್ಪ ಗಲ್ಫಿನಲ್ಲಿ ತೀರಿಕೊಂಡಾಗ ನಾನು ಒಂಬತ್ತನೇ ಕ್ಲಾಸು. ಅಲ್ಲೇ ಮಣ್ಣು ಮಾಡಿದರು. ನಮಗೆ ಬಂದದ್ದು ಒಂದು ಸೂಟ್‌ಕೇಸು. ನದಿಗೆ ಬಿಡಲು ಅಸ್ಥಿಯೇ ಇಲ್ಲದೆ ಅಪ್ಪ ಹಿರಿಯರ ಜೊತೆ ಸೇರಿಲ್ಲ ಎಂಬುದು ಅಮ್ಮನ ನಂಬಿಕೆ. ದೀಪಾವಳಿಗೆ ತೀರಿಹೋದವರಿಗೆ ಎಲೆ ಹಾಕಿ ಬಡಿಸುವಾಗ ಅಜ್ಜ, ಅಜ್ಜಿಯ ಎಲೆ ಇರುತ್ತಿತ್ತು, ಅಪ್ಪನದು ಇಲ್ಲ. ಯಾರು ಹೇಳಿದರೂ ಅಮ್ಮ ಕೇಳುತ್ತಿರಲಿಲ್ಲ.

ಮರುದಿನ ಬಲ್ಮಠದಲ್ಲಿ ಕೆಲಸ ಮುಗಿಸಿ ಮನೆಗೆ ಬಂದು ನೋಡಿದರೆ ಮೇಜು ಖಾಲಿ. ಅಮ್ಮನ ಸೀರೆ ಮೊಣಕಾಲಿನವರೆಗೆ ಒದ್ದೆ.

"ಎಲ್ಲಿ ಉಂಟು ಅದು?"

"ನೇತ್ರಾವತಿಗೆ ಬಿಟ್ಟು ಬಂದೆ. ಬಾಳೆಲೆಯಲ್ಲಿಟ್ಟು, ಎಳ್ಳು ಹಾಕಿ."

ನನಗೆ ಮೈಯೆಲ್ಲ ಉರಿಯಿತು. "ಅದು ಪ್ರಾಣಿಯದ್ದು ಮಾರಾಯ್ತಿ! ನನ್ನ ಐದು ವರ್ಷವನ್ನು ನೀರಿಗೆ ಹಾಕಿದೆ ನೀನು!" ಬಾಯಿಗೆ ಬಂದದ್ದೆಲ್ಲ ಅಂದೆ. ಕೊನೆಗೆ ಚುಚ್ಚಲೆಂದೇ ಕೇಳಿದೆ, "ಯಾರ ಹೆಸರು ಹೇಳಿ ಬಿಟ್ಟದ್ದು? ಡೈನೋಸಾರಿಗೆ ಹೆಸರು ಉಂಟಾ?"

ಅಮ್ಮ ಸೀರೆಯ ನೆರಿಗೆ ಹಿಂಡುತ್ತಾ ನಿಂತಿದ್ದಳು. "ನಿನ್ನ ಅಪ್ಪನ ಹೆಸರು ಹೇಳಿದೆ," ಅಂದಳು.

ಬಸ್ಸಿನಲ್ಲಿ ಕಳೆದುಹೋಯಿತು ಎಂದು ಗೈಡಿಗೆ ಸುಳ್ಳು ಹೇಳಿದೆ. ಆಮೇಲೆ ಅವರು ನನ್ನೊಡನೆ ಸರಿಯಾಗಿ ಮಾತಾಡಲೇ ಇಲ್ಲ. ಪಿಎಚ್‌ಡಿ ಅಲ್ಲಿಗೇ ನಿಂತಿತು. ಈಗ ಒಂದು ಟ್ಯೂಷನ್ ಕ್ಲಾಸಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅಮ್ಮನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಎಲುಬು ಬಿಟ್ಟ ಆ ವರ್ಷದ ದೀಪಾವಳಿಗೆ ಅಮ್ಮ ಮೂರು ಎಲೆ ಹಾಕಿದಳು. ಅಪ್ಪನ ಎಲೆಗೆ ಬಡಿಸು ಎಂದು ಸೌಟನ್ನು ನನ್ನ ಕೈಗೆ ಕೊಟ್ಟಳು. ಬಡಿಸಿದೆ.