ಗಾಡಿಯಲ್ಲಿ ಜೊತೆಗಿದ್ದ ಹೆಂಗಸು

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಸತ್ತವರು ಕಂಡರು, ಎಲ್ಲೋ ದೂರದಲ್ಲಿದ್ದವರು ಬಂದು ನಿಂತರು ಎನ್ನುವುದೆಲ್ಲ ಕೆಲಸವಿಲ್ಲದವರ ಮಾತು ಎಂದುಕೊಂಡಿದ್ದೆ. ಈಗಲೂ ನಂಬುತ್ತೇನೆಂದು ಹೇಳುವುದಿಲ್ಲ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಎಪ್ಪತ್ತರ ದಶಕದ ಮಾತು. ನಾವು ರಾಜಾಜಿನಗರದಲ್ಲಿದ್ದೆವು. ನಮ್ಮ ಯಜಮಾನರದು ಆರೋಗ್ಯ ಸಂಶೋಧನೆಯ ಕೆಲಸ. ಕೆಂಗೇರಿಯ ಆಚೆಗಿನ ಹಳ್ಳಿಗಳಲ್ಲಿ ಯಾರಿಗಾದರೂ ದಿಢೀರನೆ ಅಪಾಯವಾದರೆ ಆಸ್ಪತ್ರೆ ಸೇರಲು ಏಕೆ ತಡವಾಗುತ್ತದೆ ಎಂದು ಅವರು ತಿಳಿಯಬೇಕಿತ್ತು. ಜನರನ್ನು ಕೇಳಿದರೆ ಸಾಲದು ಎನ್ನುತ್ತಿದ್ದರು. ತಾವೇ ರೋಗಿಯಂತೆ ಎತ್ತಿನಗಾಡಿಯಲ್ಲಿ ಕಂಬಳಿ ಹೊದ್ದು ಮಲಗಿ, ಹಳ್ಳಿಯಿಂದ ಆಸ್ಪತ್ರೆಯವರೆಗೆ ಬಂದು ನೋಡುತ್ತಿದ್ದರು. ಗುಂಡಿಯಲ್ಲಿ ಗಾಡಿ ಕುಲುಕಿದರೆ ನರಳುತ್ತಲೂ ಇದ್ದರಂತೆ.

ಆ ಭಾನುವಾರ ಇಬ್ಬರೂ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. "ನಾಳೆ ಮತ್ತೆ ಸಾಯೋ ನಾಟಕಾನೇನ್ರೀ?" ಎಂದೆ.

"ಸಾಯಲ್ಲ ಕಣೇ, ಬರೀ ಸೀರಿಯಸ್ಸು" ಎಂದು ನಕ್ಕರು. ನಮ್ಮ ಮನೆಯ ಕೊನೆಯ ಮಾಮೂಲು ದಿನ ಅದು.

ಮರುದಿನ ಅವರು ಹೋದ ಮೇಲೆ ಸ್ಟೋವ್ ಹಚ್ಚುವಾಗ ನಾನು ಉಟ್ಟಿದ್ದ ಹಸಿರು ಸೀರೆಯ ಸೆರಗಿನ ಅಂಚು ಸುಟ್ಟಿತು. ಬೇರೆ ಸೀರೆ ಉಡಲು ಬೇಸರವಾಗಿ ಹಾಗೇ ಇದ್ದೆ. ಮಧ್ಯಾಹ್ನ ಎಂದೂ ಮಲಗದ ನನಗೆ ತಡೆಯಲಾರದ ನಿದ್ದೆ ಬಂತು. ಕನಸೇನೂ ಬೀಳಲಿಲ್ಲ. ಎದ್ದಾಗ ತೊಡೆ ಜೋಮು ಹಿಡಿದಿತ್ತು.

ಸಂಜೆ ಅವರ ಕಚೇರಿಯವರು ಬಂದು ಸುದ್ದಿ ಹೇಳಿದರು. ಮಧ್ಯಾಹ್ನ ಗಾಡಿಯಲ್ಲಿ ಅವರಿಗೆ ನಿಜವಾಗಿಯೇ ಎದೆನೋವು ಬಂದಿತ್ತು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಿನವೂ ಜೊತೆಗಿರುತ್ತಿದ್ದ ಸಹಾಯಕ ಅಂದು ರಜೆಯಲ್ಲಿದ್ದ.

ಆಮೇಲೆ ಬಂದವರಿಗೆಲ್ಲ ಕಾಫಿ ಕೊಟ್ಟೆ, ಎಲ್ಲರ ಸಮಾಧಾನವನ್ನೂ ಕೇಳಿದೆ. ಸಾಕಾಗಿಹೋಗಿತ್ತು. ನನ್ನನ್ನು ಕಾಡುತ್ತಿದ್ದದ್ದು ಒಂದೇ: ಅಷ್ಟು ದೂರದ ದಾರಿ, ಅವರ ಕೈ ಹಿಡಿಯಲು ಯಾರೂ ಇರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೊಂದು ದಿನ, ಗಾಡಿ ಹೊಡೆದ ಚಿಕ್ಕಣ್ಣ ನಮ್ಮ ಮನೆ ಹುಡುಕಿಕೊಂಡು ಬಂದ. ನಾನು ಅವನನ್ನು ಅದುವರೆಗೆ ನೋಡಿರಲಿಲ್ಲ. ಬಾಗಿಲ ಬಳಿಯೇ ಕೂತು ಟವೆಲಿನಿಂದ ಮುಖ ಒರೆಸಿಕೊಂಡ.

"'ನಿಜವಾಗ್ಲೂ ನೋಯ್ತಿದೆ ಚಿಕ್ಕಣ್ಣ' ಅಂದ್ರಮ್ಮ. ದಿನಾ ಹಂಗೇ ಅಂತಿದ್ರಲ್ಲ. 'ಇವತ್ತು ಚೆನ್ನಾಗಿ ನರಳ್ತಾ ಇದೀರಿ ಸಾರ್' ಅಂತ ತಮಾಷೆ ಮಾಡ್ದೆ. ನೀವಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ?"

"ನಾನಾ?" ಎಂದೆ.

"ಕೆರೆ ಏರಿ ದಾಟಿ ಹಿಂದಕ್ಕೆ ನೋಡಿದ್ರೆ, ಅವರ ತಲೆ ತೊಡೆ ಮೇಲೆ ಇಟ್ಕಂಡು ಕೂತಿದ್ರಿ. ಎಲ್ಲಿ ಹತ್ತಿದ್ರೋ ಕಾಣ್ಲಿಲ್ಲ. ರೋಗಿ ಜೊತೆ ಮನೆಯೋರೂ ಇರ್ಲಿ ಅಂತ ಸಾರು ಕರ್ಕಂಡು ಬಂದವ್ರೆ ಅಂದ್ಕಂಡೆ. ಆಸ್ಪತ್ರೆ ಮುಂದೆ ಇಳಿಸೋವಾಗ ನೀವಿರ್ಲಿಲ್ಲ."

ಸಂಕಟಕ್ಕೆ ಹೀಗೆಲ್ಲ ಮಾತಾಡುತ್ತಿದ್ದಾನೆ ಎನಿಸಿತು. ನಾನು ಮನೆ ಬಿಟ್ಟು ಹೊರಗೇ ಹೋಗಿರಲಿಲ್ಲ ಎಂದೆ. ಅವನು ವಾದಕ್ಕೆ ಬರಲಿಲ್ಲ. "ಹಸಿರು ಸೀರೆ ಅಲ್ವಾ ಅಮ್ಮಾವ್ರೇ, ಸೆರಗು ಸುಟ್ಟಿತ್ತು. ನಾಟಕಕ್ಕೆ ಅಂತ ಹಳೇದು ಉಟ್ಕಂಡವ್ರೆ ಅಂತ ಒಳಗೊಳಗೇ ನಕ್ಕಿದ್ದೆ" ಎಂದ.

ಸೆರಗು ಸುಟ್ಟದ್ದು ನಮ್ಮ ಯಜಮಾನರಿಗೇ ಗೊತ್ತಿರಲಿಲ್ಲ. ಸುದ್ದಿ ತಂದವರು ಅದನ್ನು ನೋಡಿ ಚಿಕ್ಕಣ್ಣನಿಗೆ ಹೇಳಿದ್ದಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಆ ಹೊತ್ತಿನಲ್ಲಿ ಒಬ್ಬ ಹೆಂಗಸಿನ ಸೆರಗಿನ ವಿಷಯವನ್ನು ಯಾರು ಯಾರಿಗೆ ಹೇಳುತ್ತಾರೆ?

ಅವನು ಹೊರಡಲು ಎದ್ದಾಗ ಕೇಳಿದೆ: "ಅವರು ಏನಾದ್ರೂ ಮಾತಾಡಿದ್ರಾ?"

"ದಾರಿ ಉದ್ದಕ್ಕೂ ಮಾತಾಡ್ತಾನೇ ಇದ್ರು. ನೀವು ಹೂಂಗುಡ್ತಾ ಇದ್ರಿ. ಗಂಡ ಹೆಂಡ್ತಿ ಮಾತು ನನಗ್ಯಾಕೆ ಅಂತ ನಾನು ಮುಂದಕ್ಕೆ ತಿರುಗ್ಕಂಡೆ."

ವರ್ಷಗಳು ಕಳೆದಿವೆ. ಚಿಕ್ಕಣ್ಣ ಕಂಡದ್ದು ಏನೆಂದು ನನಗೆ ತಿಳಿಯದು. ಅದು ನಾನೇ ಆಗಿದ್ದರೆ ಅವರು ಒಬ್ಬರೇ ಇರಲಿಲ್ಲ. ಅಷ್ಟು ಸಾಕು ಎಂದು ಕೆಲವು ದಿನ ಅನಿಸುತ್ತದೆ. ಆದರೆ ದಾರಿಯುದ್ದಕ್ಕೂ ಅವರು ನನಗೆ ಹೇಳಿದ್ದರಲ್ಲಿ ಒಂದು ಮಾತೂ ನನಗೆ ಗೊತ್ತಿಲ್ಲ.