ಸಂಗಮಕ್ಕೆ ಬಿಟ್ಟ ಹಸಿರು ಮುಖ

ಜೂನ್ ೧೪, ೨೦೦೯, ಭಾನುವಾರ. ಬೆಳಿಗ್ಗೆ ಆರೂವರೆ. ನಂಜನಗೂಡು.

ಪಕ್ಕದ ನಿವೇಶನದಲ್ಲಿ ಲಾರಿಯೊಂದು ಮರಳು ಸುರಿದು ಹೋಯಿತು. ಹೊಳೆಯ ಒದ್ದೆ ಮರಳಿನ ವಾಸನೆ ಕಿಟಕಿಯಿಂದ ಒಳಬಂದಾಗ ನಮ್ಮ ಡ್ರಾಯಿಂಗ್ ಮೇಷ್ಟ್ರು ನೆನಪಾದರು.

ಟಿ. ನರಸೀಪುರದಲ್ಲಿ ಅವರು ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿದ್ದರು. ಒಂಟಿ ಮನುಷ್ಯ. ೧೯೯೯ರಲ್ಲಿ ನಾನು ಒಂಬತ್ತನೇ ತರಗತಿ. ಆಗಲೇ ಡೈರಿ ಬರೆಯುತ್ತಿದ್ದುದರಿಂದ ದಿನಗಳು ತಪ್ಪುವುದಿಲ್ಲ. ಹಳೆಯ ಪತ್ರಿಕೆಯೊಂದರಲ್ಲಿ ಅವರಿಗೆ ಮಾಯಾ ಜನರ ಸೂರ್ಯದೇವರ ಚಿತ್ರ ಸಿಕ್ಕಿತ್ತು. ಕಡಲಾಚೆ, ಮಧ್ಯ ಅಮೆರಿಕದ ಕಾಡುಗಳಲ್ಲಿ, ಬಹಳ ಹಿಂದೆ ಜೇಡ್ ಎಂಬ ಹಸಿರು ಕಲ್ಲಿನಲ್ಲಿ ಮಾಡಿದ ಮುಖ. ದಪ್ಪ ತುಟಿ, ಮೂಗಿನತ್ತ ತಿರುಗಿದ ಮೆಳ್ಳಗಣ್ಣು. ಆ ಜನರ ಬಳಿ ಕಬ್ಬಿಣದ ಉಳಿ ಇರಲಿಲ್ಲ, ಒದ್ದೆ ಮರಳು ಹಚ್ಚಿದ ಹುರಿಯಿಂದ ಉಜ್ಜಿ ಉಜ್ಜಿಯೇ ಕಲ್ಲು ಕೊರೆದರು ಎಂದು ಓದಿ, ತಾವೂ ಹಾಗೇ ಮಾಡಲು ಕೂತರು. ಮಾರ್ಚಿನಲ್ಲಿ ನಿವೃತ್ತಿ. ಅಷ್ಟರೊಳಗೆ ಮುಖ ಮುಗಿಸಿ ಶಾಲೆಯ ಗಾಜಿನ ಬೀರುವಿನಲ್ಲಿಟ್ಟು ಹೋಗಬೇಕು... ಅವರಿಗಿದ್ದ ಆಸೆ ಅದೊಂದೇ. ಬೀರುವಿನಲ್ಲಿ ಒಂದು ಖಾನೆ ಆಗಲೇ ಒರೆಸಿಟ್ಟಿದ್ದರು.

ಕಲ್ಲು, ಶಿಲ್ಪಿಯೊಬ್ಬರು ಬೇಡವೆಂದು ಬಿಟ್ಟ ಹಸಿರು ತುಂಡು. ಮರಳು ಮಾತ್ರ ತಲಕಾಡಿನದೇ ಆಗಬೇಕಿತ್ತು. ಅದರ ಕಾಳು ಸಣ್ಣ, ಸಮ ಎಂದು ಭಾನುವಾರದ ಬಸ್ಸಿನಲ್ಲಿ ಹೋಗಿ ಕೈಚೀಲದಲ್ಲಿ ತುಂಬಿ ತರುತ್ತಿದ್ದರು. ಸಂಜೆಯೆಲ್ಲ ಗೋಡೆಯಾಚೆ ಸರ್... ಸರ್... ಎಂಬ ಸದ್ದು.

ತಲಕಾಡಿನ ಮರಳಲ್ಲಿ ದೇವಸ್ಥಾನಗಳೇ ಹೂತಿವೆ. ಅಲ್ಲಿ ಮರಳು ಬಗೆದವರ ಮನೆಯಲ್ಲಿ ಹಸಿರು ದೇವರಿದೆ ಎಂದರೆ ಊರಿಗೆ ಇನ್ನೇನು ಬೇಕು? ಫೆಬ್ರವರಿ ೧೭, ಬುಧವಾರ, ಮನೆ ಮಾಲೀಕರು ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದರು.

"ಏನ್ ಮೇಷ್ಟ್ರೇ, ತಲಕಾಡಿಂದ ಪಚ್ಚೆ ದೇವ್ರ ಎತ್ಕಬಂದಿದ್ದೀರಂತೆ?"

"ಪಚ್ಚೆ ಅಲ್ಲ ಕಣ್ರೀ, ಮಾಮೂಲಿ ಕಲ್ಲು. ನಾನೇ ಉಜ್ಜಿದ್ದು."

"ಉಳಿ ಇಲ್ದೆ ಹುರೀಲಿ ದೇವ್ರ ಮಾಡವ್ರಂತೆ, ಕೇಳ್ರಲಾ!" ಎಂದು ಜೊತೆಗೆ ಬಂದವನೊಬ್ಬ ನಕ್ಕ. "ಪಚ್ಚೆಯಾದ್ರೆ ಒಡೆಯಾಕಿಲ್ಲ. ಒಡ್ದೋದ್ರೆ ನೀವೇಳಿದ್ದೇ ದಿಟ. ಆಯ್ತಾ?"

ಮೇಷ್ಟ್ರು ಅದನ್ನು ಎದೆಗೆ ಅವಚಿಕೊಂಡರು. ಅವನು ಕಿತ್ತುಕೊಂಡು, ಹಿತ್ತಲಿನ ಒಗೆಯುವ ಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಒಂದೇಟು ಹಾಕಿದ. ಹಣೆಯಿಂದ ಗಲ್ಲದವರೆಗೆ ಸೀಳಿತು.

"ಮೇಷ್ಟ್ರು ದಿಟವೇ ಏಳವ್ರೆ ಕಣ್ಲಾ," ಎಂದ. ಎಲ್ಲರೂ ನಕ್ಕರು.

ಮೇಷ್ಟ್ರು ಕುಕ್ಕರಗಾಲಲ್ಲಿ ಕೂತು ಎರಡು ಹೋಳುಗಳನ್ನು ಜೋಡಿಸಿ ನೋಡಿದರು. ಅಂಟು ಹಾಕಿದರೆ ಕೂರುತ್ತದೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಗ ಮಾಲೀಕರು ಹೇಳಿದರು:

"ಭಿನ್ನವಾದ ದೇವ್ರ ನಮ್ಮನೇಲಿ ಮಡಿಕೋಬಾರ್ದು ಮೇಷ್ಟ್ರೇ. ಈಗ್ಲೇ ಹೊಳೆಗೆ ಬಿಟ್ಬುಡಿ."

ಅದನ್ನು ಮೆಳ್ಳಗಣ್ಣಿನ ಪಿಶಾಚಿ ಎಂದು ಆಡಿಕೊಳ್ಳುತ್ತಿದ್ದವರು ಅವರೇ. ಒಡೆದ ಮೇಲೆ ಕೈ ಮುಗಿಯಬೇಕಾದ ದೇವರಾಯಿತು.

ಕಾವೇರಿ, ಕಪಿಲೆ ಕೂಡುವಲ್ಲಿ ಮೇಷ್ಟ್ರ ಕೈಯಿಂದಲೇ ಹೋಳುಗಳನ್ನು ನೀರಿಗೆ ಬಿಡಿಸಿದರು. "ಕೈ ಮುಗೀರಿ," ಎಂದರು. ಮೇಷ್ಟ್ರು ಮುಗಿದರು...

ಮಾರ್ಚಿನಲ್ಲಿ ಊರು ಬಿಟ್ಟ ಮೇಷ್ಟ್ರು ಎಲ್ಲಿಗೆ ಹೋದರೋ ತಿಳಿಯಲಿಲ್ಲ. ನಾನು ಶಾಲೆ ಬಿಡುವವರೆಗೂ ಆ ಖಾನೆ ಖಾಲಿಯಿತ್ತು.

ಈಗ ಹೊಳೆಯ ಮರಳು ಲಾರಿಯೇರಿ ಎಲ್ಲೆಲ್ಲಿಗೋ ಹೋಗುತ್ತಿದೆ. ಜರಡಿ ಹಿಡಿಯುವಾಗ ನಿಮಗೆ ಹಸಿರು ಕಲ್ಲಿನ ಅರ್ಧ ಮುಖ ಸಿಕ್ಕಿದ್ದರೆ, ಅಥವಾ ಮೇಷ್ಟ್ರು ಇದ್ದಾರೋ ಇಲ್ಲವೋ ಎಂಬುದು ಗೊತ್ತಿದ್ದರೆ, ದಯವಿಟ್ಟು ಬರೆದು ತಿಳಿಸಿ. ಗುರುತು ಸುಲಭ: ಒಂದೇ ಕಣ್ಣು, ಮೂಗಿನ ಕಡೆ ತಿರುಗಿರುತ್ತದೆ.