ರಾಜನ ಕೋರೆಹಲ್ಲು

ಬಿಸಿ ಅಂಟಿನ ವಾಸನೆ ಹೇಗಿರುತ್ತದೆ ಎಂದು ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಸುಟ್ಟ ಪ್ಲಾಸ್ಟಿಕ್ಕಿಗಿಂತ ಸ್ವಲ್ಪ ಸಿಹಿ, ಕರಗಿದ ಮೇಣಕ್ಕಿಂತ ಸ್ವಲ್ಪ ಕಟು. ಮೊನ್ನೆ ಪರ್ತ್‌ನ ಬೆಂಟ್ಲಿಯ ನಮ್ಮ ಬಾಡಿಗೆ ಮನೆಯಲ್ಲಿ, ನನ್ನ ಜೊತೆ ಓದುವ ಹುಡುಗಿಯರು ದೆವ್ವ ಭೂತಗಳ ಹಬ್ಬ ಹ್ಯಾಲೋವೀನ್ ಅಲಂಕಾರಕ್ಕೆಂದು ಅಂಟು ಕರಗಿಸುವ ಗ್ಲೂ ಗನ್ ಬಿಸಿಗಿಟ್ಟಿದ್ದರು. ಲೈಬ್ರರಿಯಿಂದ ಬಂದು ಬಾಗಿಲು ತೆಗೆದವಳು ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತುಬಿಟ್ಟೆ. ಬೆಂಟ್ಲಿಯಿಂದ ನಮ್ಮ ಹಳೆಯ ಮನೆಯಿರುವ ಪಿಯಾರಾ ವಾಟರ್ಸ್‌ಗೆ ಹೋಗಬೇಕಾದರೆ ಎರಡು ಬಸ್ ಬದಲಿಸಬೇಕು, ಎರಡನೆಯದು ಯಾವಾಗಲೂ ನನ್ನ ಕಣ್ಣೆದುರೇ ಹೊರಟುಹೋಗುತ್ತದೆ. ಆ ವಾಸನೆಗೆ ಬಸ್ಸೇ ಬೇಕಾಗಲಿಲ್ಲ. ಒಂದೇ ಉಸಿರಿಗೆ ನನ್ನನ್ನು ಆ ಮನೆಯ ಊಟದ ಮೇಜಿಗೆ, ಎಂಟು ವರ್ಷದ ನನ್ನ ಸುಟ್ಟ ಹೆಬ್ಬೆರಳಿಗೆ, ಪದ್ಮಾ ಆಂಟಿಯ ಮಗ್ಗುಲಿಗೆ ತಂದು ಕೂರಿಸಿತು.

ಪದ್ಮಾ ಆಂಟಿ ನಮಗೆ ನೆಂಟರೇನಲ್ಲ. ಮೈಸೂರಿನಿಂದ ಗಂಡ ಶ್ರೀಧರ್ ಅಂಕಲ್ ಜೊತೆ ಪರ್ತ್‌ಗೆ ಬಂದಿಳಿದಾಗ, ಮನೆ ಸಿಗುವ ತನಕ ಎರಡು ವಾರ ಇರುತ್ತೇವೆ ಎಂದು ನಮ್ಮ ಹಿಂದಿನ ಕೋಣೆ ಸೇರಿದವರು, ಮೂರು ವರ್ಷ ಇದ್ದರು. ಅವರಿಗೆ ಮಕ್ಕಳಿರಲಿಲ್ಲ, ನನಗೆ ಒಡಹುಟ್ಟಿದವರಿರಲಿಲ್ಲ. ಹೊಸ ಬಡಾವಣೆ, ಮರಳು ನೆಲ, ಗಾಳಿ ಬೀಸಿದರೆ ಸಾರಿನೊಳಗೂ ಮರಳು. ಅಡುಗೆಮನೆಯಲ್ಲಿ ಅಮ್ಮನದೊಂದು ಕುಕ್ಕರು, ಆಂಟಿಯದೊಂದು ಕುಕ್ಕರು. ಎರಡೂ ಒಟ್ಟಿಗೆ ಕೂಗಿದಾಗ ಅಪ್ಪ ಮತ್ತು ಅಂಕಲ್ ಲ್ಯಾಪ್‌ಟಾಪ್ ಎತ್ತಿಕೊಂಡು ಗ್ಯಾರೇಜಿಗೆ ಓಡುತ್ತಿದ್ದರು. ಎರಡು ಸಂಸಾರದ ಒಗ್ಗರಣೆ ಬೆರೆತ ಆ ವಾಸನೆ ಎಲ್ಲರ ಮನೆಯಲ್ಲೂ ಇರುತ್ತದೆ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ದಸರಾಕ್ಕೆ ಆಂಟಿ ನಮ್ಮ ಹಾಲ್‌ನಲ್ಲಿ ಗೊಂಬೆ ಕೂರಿಸುತ್ತಿದ್ದರು. ರಟ್ಟಿನ ಡಬ್ಬಗಳನ್ನು ಒಟ್ಟಿ, ಮೇಲೆ ಬಿಳಿ ಬಟ್ಟೆ ಹಾಸಿ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು: ಮರದ ರಾಜ, ಮರದ ರಾಣಿ. ಆಂಟಿಯ ಮದುವೆಯಲ್ಲಿ ಅವರಮ್ಮ ಕೊಟ್ಟ ಜೋಡಿ, ಆ ಅಮ್ಮನಿಗೆ ಅವರಮ್ಮ ಕೊಟ್ಟದ್ದು. ರಾಜನಿಗೆ ಕಪ್ಪು ಹುರಿಮೀಸೆ, ಸದಾ ಯಾರ ಮೇಲೋ ಸಿಟ್ಟಾದಂಥ ಕಣ್ಣು. ಹಬ್ಬ ಮುಗಿದು ಗೊಂಬೆಗಳು ಡಬ್ಬ ಸೇರಿದ ಮರುದಿನವೇ, ಉಳಿದ ಬಣ್ಣದ ಕಾಗದ, ರಟ್ಟು, ಹತ್ತಿ ಎಲ್ಲವೂ ಮೇಜಿನ ಮೇಲೆ ಬಂದು ಹ್ಯಾಲೋವೀನ್‌ನ ದೆವ್ವವಾಗತೊಡಗುತ್ತಿದ್ದವು. ದೇವರಿಗೆ ಗೆಜ್ಜೆವಸ್ತ್ರ ಮಾಡುವ ಹತ್ತಿಯನ್ನೇ ಆಂಟಿ ಎಳೆ ಎಳೆಯಾಗಿ ಹಿಂಜಿ ಜೇಡರಬಲೆ ಮಾಡುತ್ತಿದ್ದರು. ಹಾಲಿನ ಪ್ಲಾಸ್ಟಿಕ್ ಕ್ಯಾನಿಗೆ ಕಣ್ಣು ಬರೆದರೆ ಭೂತ. ಕಸದ ಕಪ್ಪು ಚೀಲ ಸೀಳಿದರೆ ಮಾಟಗಾತಿಯ ಕೂದಲು. ಮೊಟ್ಟೆಯ ಟ್ರೇ ಕತ್ತರಿಸಿ ಕಪ್ಪು ಬಳಿದರೆ ಬಾವಲಿ. ಇಲ್ಲಿ ಅಕ್ಟೋಬರ್ ಎಂದರೆ ವಸಂತ. ಬೀದಿಯಲ್ಲಿ ಜಕರಾಂಡ ನೇರಳೆಯಾಗಿ ಅರಳುತ್ತಿರುವಾಗ ನಾವಿಬ್ಬರೂ ಕೂತು ಕಿತ್ತಳೆ ಕಾಗದದಲ್ಲಿ ಉದುರಿದ ಎಲೆಗಳನ್ನು ಕತ್ತರಿಸುತ್ತಿದ್ದೆವು.

ನನ್ನ ಕೈಗುಣದ ಬಗ್ಗೆ ಎರಡು ಮಾತು ಹೇಳಲೇಬೇಕು. ಭೂತಕ್ಕೆ ಅಂಟು ಹಾಕಲು ಬಗ್ಗಿ, ನನ್ನ ಮುಂಗೂದಲನ್ನೇ ಹಾಲಿನ ಕ್ಯಾನಿಗೆ ಅಂಟಿಸಿಕೊಂಡು, ಅರ್ಧ ಗಂಟೆ ಹಣೆಯ ಮೇಲೆ ಭೂತ ಹೊತ್ತು ಮನೆಯೆಲ್ಲ ಓಡಾಡಿದವಳು ನಾನು. ಆಂಟಿ ಕತ್ತರಿ ತಂದು ಬಿಡಿಸಿದರು. ಆ ವರ್ಷದ ಶಾಲೆಯ ಫೋಟೋದಲ್ಲಿ ನನ್ನ ಹಣೆಯ ಬಲಭಾಗದಲ್ಲಿ ಆಡು ಮೇಯ್ದು ಹೋದಂತಿದೆ. ನಾನು ಮಾಡಿದ ಬಾವಲಿಯನ್ನು ತಿರುಗಿಸಿ ತಿರುಗಿಸಿ ನೋಡಿ ಆಂಟಿ ಕೇಳಿದ್ದರು:

"ಲೇ ಚಿನ್ನು, ಇದು ಬಾವಲಿನಾ, ಇಲ್ಲ ಸಿಟ್ ಮಾಡ್ಕೊಂಡಿರೋ ಇಡ್ಲಿ ತಟ್ಟೆನಾ?"

"ಇಟ್ಸ್ ಅ ಬೇಬಿ ಬ್ಯಾಟ್, ಆಂಟಿ!"

"ಕನ್ನಡದಲ್ಲಿ ಬೊಗಳು, ಕತ್ತೆ. ಹಂಗಿದ್ರೆ ಇದಕ್ಕೆ ಅಮ್ಮನ ಪಕ್ಕ ಜಾಗ ಕೊಡೋಣ," ಎಂದು ಅದನ್ನು ತಮ್ಮ ಚಂದದ ಬಾವಲಿಯ ಪಕ್ಕದಲ್ಲೇ ತೂಗುಹಾಕಿದ್ದರು.

ಮೂರನೆಯ ವರ್ಷ ಶ್ರೀಧರ್ ಅಂಕಲ್‌ಗೆ ಅಡಿಲೇಡ್‌ನಲ್ಲಿ ಕೆಲಸ ಸಿಕ್ಕಿತು. ನವೆಂಬರ್ ಮೊದಲ ಶನಿವಾರ ಹೊರಡುವುದೆಂದು ದೊಡ್ಡವರು ನಾಲ್ವರೂ ಸೇರಿ ನಿರ್ಧರಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಎರಡು ದಿನ ಆಂಟಿಯ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವರು ಹತ್ತಿ ಹಿಂಜುತ್ತಾ, ನನ್ನ ಮುಖ ನೋಡದೆ, "ಈ ಸಲ ಬೀದೀಲಿ ಎಲ್ಲರ ಮನೆಗಿಂತ ನಮ್ಮನೆ ನೋಡೇ ಜನ ಜಾಸ್ತಿ ಹೆದರ್ಕೋಬೇಕು. ಹಂಗಾದ್ರೆ ನಾನ್ ಎಲ್ಲೂ ಹೋಗಲ್ಲ ಕಣೇ," ಎಂದರು. ಮುನಿದ ಮಗುವನ್ನು ನಗಿಸಲು ಆಡಿದ ಮಾತು. ನಾನು ಮಾತ್ರ ಅದನ್ನು ವೀಸಾದ ಷರತ್ತಿನ ಹಾಗೆ ಅಕ್ಷರ ಬಿಡದೆ ನಂಬಿದೆ.

ಅಕ್ಟೋಬರ್ ಮೂವತ್ತೊಂದು, ಹ್ಯಾಲೋವೀನ್ ದಿನದ ಮಧ್ಯಾಹ್ನ ಆಂಟಿ, ಅಂಕಲ್ ಖಾಲಿ ಡಬ್ಬ ತರಲು ಹೋಗಿದ್ದರು. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಾನು ರಸ್ತೆಗಿಳಿದು ನಮ್ಮ ಮನೆಯನ್ನು ತೀರ್ಪುಗಾರರ ಹಾಗೆ ನೋಡಿದೆ. ಎದುರು ಮನೆಯವರು ಅಂಗಡಿಯಿಂದ ಆಳೆತ್ತರದ ಅಸ್ಥಿಪಂಜರ ತಂದು ನಿಲ್ಲಿಸಿದ್ದರು. ನಮ್ಮ ಭೂತಗಳು ಸುಡುಬಿಸಿಲಿಗೆ ಬಾಗಿ, ಹಾಲಿನ ಕ್ಯಾನುಗಳೆಂದು ತಾವೇ ಒಪ್ಪಿಕೊಳ್ಳುತ್ತಿದ್ದವು. ಇವನ್ನು ನೋಡಿ ಯಾರೂ ಹೆದರುವುದಿಲ್ಲ. ಆಂಟಿ ಹೊರಟುಹೋಗುತ್ತಾರೆ. ಹೆದರಿಸುವಂಥದ್ದು ಇನ್ನೇನಿದೆ ಎಂದು ಮನೆಯೆಲ್ಲ ಹುಡುಕಿದೆ. ಹಿಂದಿನ ಕೋಣೆಯಲ್ಲಿ, ಕಟ್ಟಲೆಂದು ಹಳೆ ಸೀರೆಯಲ್ಲಿ ಸುತ್ತಿಟ್ಟ ರಾಜ ಸಿಕ್ಕಿದ. ಸಿಟ್ಟಿನ ಕಣ್ಣು ಆಗಲೇ ಇತ್ತು. ಇನ್ನು ಬೇಕಿದ್ದದ್ದು ಹಲ್ಲು. ಟೂ ಡಾಲರ್ ಶಾಪಿನ ಬಿಳಿ ಬಣ್ಣದಲ್ಲಿ ಎರಡು ಕೋರೆಹಲ್ಲು ಬರೆದೆ. ಒಂದು ಉದ್ದವಾಯಿತು, ಸರಿ ಮಾಡಲು ಹೋಗಿ ಇನ್ನೊಂದನ್ನು ಉದ್ದ ಮಾಡಿದೆ, ಹೀಗೆ ನ್ಯಾಯ ಹಂಚುತ್ತಾ ಹಲ್ಲುಗಳು ರಾಜನ ಗದ್ದ ದಾಟಿ ಎದೆಯ ಪದಕದವರೆಗೆ ಇಳಿದವು. ಹೊಸ್ತಿಲಲ್ಲಿ ನಿಲ್ಲಿಸಿ, ಗೆದ್ದೆ ಎಂದುಕೊಂಡೆ.

ಬಕೆಟ್ ಹಿಡಿದು ಒಳಗೆ ಬಂದ ಅಮ್ಮ ಕೂಗಿದ್ದು ಎರಡು ಕುಕ್ಕರನ್ನೂ ಮೀರಿಸಿತ್ತು. "ಅಯ್ಯೋ ಪಾಪಿ! ಅದು ಅವರ ತವರಿನ ಗೊಂಬೆ ಕಣೇ!" ತಾಯಿ ಮಗಳು ಸಿಂಕಿನ ಮುಂದೆ ನಿಂತು ಪಾತ್ರೆ ಸೋಪು, ಕೊಬ್ಬರಿ ಎಣ್ಣೆ, ಹುಣಸೆಹಣ್ಣು ಎಲ್ಲ ಹಾಕಿ ಉಜ್ಜಿದೆವು. ಮೂರು ತಲೆಮಾರು ಕಂಡ ಹುರಿಮೀಸೆ ಹತ್ತೇ ನಿಮಿಷಕ್ಕೆ ಕರಗಿ ಸಿಂಕಿನಲ್ಲಿ ಹರಿದುಹೋಯಿತು. ಕೋರೆಹಲ್ಲು ಮಾತ್ರ ಇನ್ನಷ್ಟು ಬೆಳ್ಳಗಾಗಿ ಹೊಳೆಯಿತು. ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು.

ಆಂಟಿ ಒದ್ದೆ ರಾಜನನ್ನು ಕೈಗೆ ತೆಗೆದುಕೊಂಡರು. ಮೀಸೆಯಿದ್ದ ಜಾಗದ ಮೇಲೆ ಹೆಬ್ಬೆರಳಾಡಿಸಿದರು, ಒಮ್ಮೆ, ಮತ್ತೊಮ್ಮೆ. ಆಮೇಲೆ, "ಅಲ್ವೇ, ಮೀಸೆ ಬೋಳಿಸಿ ಹಲ್ ಕೊಟ್ಟಿದ್ದೀಯಲ್ಲ, ಈ ವಯಸ್ಸಲ್ಲಿ ಇವನು ಯಾರನ್ನ ಕಚ್ಚಬೇಕು?" ಎಂದರು. ಸೆರಗಿನಿಂದ ಒರೆಸಿ, ತಾವೇ ಹೊಸ್ತಿಲಿಗೆ ಒಯ್ದು, ಪಕ್ಕದಲ್ಲಿ ಚಾಕೊಲೇಟ್ ಬಟ್ಟಲಿಟ್ಟರು. ಹಗಲು ಬೆಳಕಿನಲ್ಲೇ ವೇಷ ತೊಟ್ಟ ಮಕ್ಕಳು ಚಾಕೊಲೇಟ್ ಕೇಳಲು ಮನೆ ಮನೆಗೆ ಬರತೊಡಗಿದರು. ಯಾರೂ ಹೆದರಲಿಲ್ಲ. ಕೊನೆಗೆ ಜೇನುನೊಣದ ವೇಷದ ಒಂದು ಪುಟ್ಟ ಕೂಸು ರಾಜನ ಮುಖ ನೋಡಿ, ಚಿಟಾರನೆ ಚೀರಿ, ಅಪ್ಪನ ಕಾಲು ತಬ್ಬಿಕೊಂಡಿತು. ನಾನು ಕುಣಿದಾಡಿಬಿಟ್ಟೆ. "ಆಂಟಿ, ಹೆದರ್ತು! ನೀವು ಹೋಗಲ್ಲ ಅಲ್ವಾ? ಪ್ರಾಮಿಸ್ ಮಾಡಿದ್ರಿ!" ಮೊದಲ ಸಲ ಯಾರೂ ಹೇಳಿಸದೆ ನಾನು ಕನ್ನಡದಲ್ಲಿ ಕೇಳಿದ್ದೆ. ಆಂಟಿ ಬಟ್ಟಲಿಗೆ ಚಾಕೊಲೇಟ್ ತುಂಬಲು ಬಗ್ಗಿದರು. ಬಟ್ಟಲು ತುಂಬಿಯೇ ಇತ್ತು.

ಶನಿವಾರ ಅವರು ಹೊರಟರು. ಹೊರಡುವಾಗ, "ನಿನ್ ಮದುವೆಗೆ ಇದೇ ಜೋಡಿ ಕೊಡ್ತೀನಿ, ಹಲ್ಲಿನ ಸಮೇತ, ಅನುಭವಿಸು," ಎಂದು ಕೆನ್ನೆ ಹಿಂಡಿದರು. ಪ್ರತಿ ದಸರಾಕ್ಕೂ ಅಡಿಲೇಡ್‌ನಿಂದ ಫೋಟೋ ಬರುತ್ತಿತ್ತು. ಮೇಲಿನ ಮೆಟ್ಟಿಲಲ್ಲಿ ಗಂಭೀರ ರಾಣಿ, ಪಕ್ಕದಲ್ಲಿ ಹೊಸ ಜರಿ ಪೇಟ ತೊಟ್ಟ, ಹಲ್ಲು ಕಿಸಿದ ರಾಜ. ಮೀಸೆಯನ್ನಾದರೂ ಬರೆಸಬಹುದಿತ್ತು, ಬರೆಸಲಿಲ್ಲ. ಕುಂಕುಮಕ್ಕೆ ಬಂದ ಹೆಂಗಸರು ಕೇಳಿದರೆ, ನಮ್ಮ ಚಿನ್ನು ಕೊಟ್ಟ ಹಲ್ಲು ಎನ್ನುತ್ತಿದ್ದರಂತೆ. ಪ್ರತಿ ಸಲವೂ ಕೆಳಗೆ ಒಂದೇ ಸಾಲು: "ಈ ಸಲಾನಾದ್ರೂ ಬಾರೇ." ನೆಕ್ಸ್ಟ್ ಇಯರ್ ಗ್ಯಾರಂಟಿ ಆಂಟಿ, ಎಂದು ನಾನು ಬರೆಯುತ್ತಿದ್ದೆ. ಪರೀಕ್ಷೆ, ಅಸೈನ್ಮೆಂಟು, ಕೆಫೆಯ ಶಿಫ್ಟು. ವಿಮಾನದಲ್ಲಿ ಮೂರೇ ಗಂಟೆಯ ದಾರಿ.

ಈ ಜುಲೈಯಲ್ಲಿ ಆಂಟಿ ತೀರಿಕೊಂಡರು. ಹೋದ ತಿಂಗಳು ಅಂಕಲ್ ಫೋನ್ ಮಾಡಿದ್ದರು. "ಮನೆ ಖಾಲಿ ಮಾಡ್ತಿದ್ದೀನಮ್ಮ, ಸಣ್ಣ ಯೂನಿಟ್‌ಗೆ ಹೋಗ್ತೀನಿ. ಗೊಂಬೆ ಎರಡನ್ನೂ ನಿಂಗೆ ಕಳಿಸ್ತಿದ್ದೀನಿ. ಮದುವೆ ತನಕ ಕಾಯೋದ್ ಬೇಡ ಅಂದ್ಲು. ಜೋಡಿ ಬೇರೆ ಮಾಡ್ಬೇಡ, ಅಷ್ಟೇ." ನಾನು ಬೆಂಟ್ಲಿಯ ವಿಳಾಸ ಬರೆಸಿದೆ.

ಈಗ ರಾಜ ರಾಣಿ ನಮ್ಮ ಫ್ರಿಜ್ಜಿನ ಮೇಲಿದ್ದಾರೆ. ಮೊನ್ನೆ ಆ ವಾಸನೆಯ ನಡುವೆ ನಿಂತು ತಲೆಯೆತ್ತಿ ನೋಡಿದಾಗ ರಾಜನ ಒಂದು ಹಲ್ಲು ಇರಲಿಲ್ಲ. ಬಿಳಿ ಬಣ್ಣ ಒಣಗಿ, ಸಿಪ್ಪೆಯೆದ್ದು, ಫ್ರಿಜ್ಜಿನ ಮೇಲೆ ಉಗುರಿನ ಚೂರಿನಂತೆ ಬಿದ್ದಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಗ್ಲೂ ಗನ್ ಎತ್ತಿಕೊಂಡೆ. ಕೈಗುಣ ಗೊತ್ತಲ್ಲ, ಮುಟ್ಟಿದ ಕೂಡಲೇ ಅದು ಎರಡು ಚೂರಾಯಿತು. ಇನ್ನೊಂದು ಹಲ್ಲಿನ ಅಂಚೂ ಆಗಲೇ ಎದ್ದಿದೆ. ಬಾಗಿಲು ಹಾಕಿದರೆ, ಫ್ರಿಜ್ಜು ನಡುಗಿದರೆ, ಅದೂ ಅಲುಗುತ್ತದೆ. ಆಗ ಸೋಪು, ಎಣ್ಣೆ, ಹುಣಸೆಹಣ್ಣು ಹಾಕಿ ಉಜ್ಜಿದರೂ ಜಗ್ಗದ ಹಲ್ಲು. ಹುಡುಗಿಯರಿಗೆ ಫ್ರಿಜ್ಜಿನ ಬಾಗಿಲು ಮೆಲ್ಲಗೆ ಹಾಕಿ ಎಂದು ಹೇಳಿದ್ದೇನೆ. ಅದಕ್ಕಿಂತ ಹೆಚ್ಚಿಗೆ ಏನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ.